ಹನ್ನೆರಡು ವರ್ಷ ಮತ್ತು ಒಂದು ಭಾನುವಾರ

"ತಲೆ ಸ್ವಲ್ಪ ಎತ್ತಿ ಹಿಡ್ಕೊಳಮ್ಮ, ಹಿಂದುಗಡೆ ಸಿಕ್ಕಾಗಿದೆ," ಎಂದು ಸತ್ತವಳ ಅಕ್ಕ ಬಾಚಣಿಗೆಯನ್ನು ಕೂದಲಿಗೆ ಇಳಿಸಿದರು. ಡ್ರೈವರಮ್ಮ ಎರಡೂ ಅಂಗೈಗಳನ್ನು ಆ ತಣ್ಣಗಿನ ತಲೆಯ ಕೆಳಗೆ ತೂರಿಸಿದಳು. ಎಡಗಿವಿಯ ಮೇಲೆ, ಎರಡು ಬೆರಳಿನಷ್ಟು ಎತ್ತರದಲ್ಲಿ ಏನಿದೆಯೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗಿ ಕೂತಿತು. ಊತ ಇನ್ನೂ ಇಳಿದಿರಲಿಲ್ಲ, ಅಂಗಿಗುಂಡಿಯಷ್ಟಿತ್ತು.

ಬಾಚಣಿಗೆ ಆ ಕಡೆಗೆ ಬಂತು.

"ಕೈ ತೆಗಿ."

"ಇಲ್ಲಿ ಸಿಕ್ಕಿಲ್ಲ ಅಮ್ಮ, ಸರಿಯಾಗೇ ಇದೆ."

ಅಕ್ಕ ನಿಟ್ಟುಸಿರುಬಿಟ್ಟು ಬಾಚಣಿಗೆಗೆ ಅಂಟಿದ್ದ ಕೂದಲನ್ನು ಬಿಡಿಸಿದರು. "ಡಾಕ್ಟ್ರು ಕೇಳ್ತಿದ್ರು, ಎಲ್ಲಾದ್ರೂ ಬಿದ್ದಿದ್ರಾ ಅಂತ. ದಿನಾ ಸಂಜೆ ನಿನ್ನ ಜೊತೇಲೇ ಇರ್ತಿದ್ಲಲ್ಲ, ಏನಾದ್ರೂ ಹೇಳಿದ್ಲಾ?"

"ಇಲ್ಲ," ಎಂದಳು ಡ್ರೈವರಮ್ಮ. ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೆದರಿಕೆಯಾಯಿತು. ನಗರದ ಬಸ್ಸನ್ನು ಒಂಬತ್ತು ವರ್ಷ ಓಡಿಸಿ ಒಂದು ನಾಯಿಯನ್ನೂ ತಾಗಿಸದವಳು ಅವಳು.

ಸತ್ತವಳನ್ನು ಬೀದಿಯವರೆಲ್ಲ ಕನ್ನಡಕದಕ್ಕ ಎನ್ನುತ್ತಿದ್ದರು. ವಯಸ್ಸು ಐವತ್ತೆರಡು. ಕನ್ನಡಕದಂಗಡಿಯ ಹಿಂಗೋಣೆಯಲ್ಲಿ ಇಪ್ಪತ್ತನಾಲ್ಕು ವರ್ಷ ಗಾಜು ಉಜ್ಜಿದವಳು. ಮಂಗಳವಾರ ಮಧ್ಯಾಹ್ನ ತಲೆನೋವೆಂದು ಅಲ್ಲೇ ಬೆಂಚಿನ ಮೇಲೆ ಮಲಗಿದವಳು ಏಳಲಿಲ್ಲ. ಮಿದುಳಿನಲ್ಲಿ ರಕ್ತ ಸೋರಿದೆ, ಬಿಪಿ ಇತ್ತಲ್ಲ ಎಂದರು ಡಾಕ್ಟರು. ಬಿಪಿ ಇದ್ದದ್ದು ನಿಜ. ಮಾತು ಅಲ್ಲಿಗೆ ನಿಂತಿತು.

ನಿಲ್ಲದಿದ್ದದ್ದು ಅವಳ ಗಂಡನ ಮಾತು. ಹೊರಗೆ ಕುರ್ಚಿಯ ತುದಿಯಲ್ಲಿ ಕೂತು ಬಂದವರಿಗೆಲ್ಲ ಅದನ್ನೇ ಒಪ್ಪಿಸುತ್ತಿದ್ದ. "ಮಾತ್ರೆ ಮುಗಿದು ಎರಡು ದಿನ ಆಗಿತ್ತು. ತಗೊಂಡು ಬನ್ನಿ ಅಂದ್ಲು. ನಾಳೆ ತರ್ತೀನಿ ಅಂದೆ. ಮರುದಿನಾನೂ ನಾಳೆ ಅಂದೆ."

"ಹಣೇಲಿ ಬರೆದಿದ್ದು ಕಣಯ್ಯ," ಎಂದ ಕನ್ನಡಕದಂಗಡಿಯ ಮಾಲೀಕ, ಮಾತು ತಿರುಗಿಸಲೆಂದು ಪಕ್ಕದವರ ಕಡೆ ವಾಲಿದ. "ಕರಾಟೆ ಬೇರೆ ಕಲೀತಿದ್ಲು ನೋಡಿ, ನಲವತ್ತಕ್ಕೆ ಶುರು ಮಾಡಿ. ಕರಿ ಬೆಲ್ಟಿಗೆ ಎಷ್ಟು ವರ್ಷ ಬೇಕಮ್ಮ ಅಂತ ಕೇಳಿದ್ರೆ, ನಿಮಗೆ ಚಾಳೀಸು ಬರೋ ಹೊತ್ತಿಗೆ ಅಂದ್ಲು. ಚಾಳೀಸೂ ಬಂತು, ನಂಬರೂ ಎರಡು ಸಲ ಏರ್ತು. ಬೆಲ್ಟು ಕಂದು ಬಣ್ಣದಲ್ಲೇ ಕೂತಿತ್ತು."

ಯಾರೋ ನಕ್ಕು, ತಕ್ಷಣ ಕೆಮ್ಮಿದರು. ಬಾಗಿಲಿಗೆ ಒರಗಿದ್ದ ಮಗಳು ನಗಲಿಲ್ಲ. ಇಪ್ಪತ್ತೆರಡರ ಹುಡುಗಿ, ಮಂಗಳವಾರದಿಂದ ಅಪ್ಪನ ಜೊತೆ ಒಂದು ಮಾತೂ ಆಡಿರಲಿಲ್ಲ. ಅವನು ನೀರು ಕೇಳಿದರೆ ಲೋಟವನ್ನು ನೆಲದ ಮೇಲಿಟ್ಟು ಬರುತ್ತಿದ್ದಳು.

*

ಕರಾಟೆ ಕ್ಲಾಸಿಗೆ ಸೇರಿದ್ದು ನಿಜಕ್ಕೂ ಆ ಮಗಳೇ, ಹತ್ತು ವರ್ಷದವಳಿದ್ದಾಗ. ಮೂರು ತಿಂಗಳಿಗೆ ಬೇಜಾರಾಗಿ ಬಿಟ್ಟಳು. ಗೋಡೆ ಬದಿಯಲ್ಲಿ ಕೂತು ಕಾಯುತ್ತಿದ್ದ ತಾಯಿ, ಕಾಯುವುದೇ ರೂಢಿಯಾಗಿಹೋಗಿದೆಯೆಂದು ಎದ್ದು ಮಗಳ ಜಾಗದಲ್ಲಿ ನಿಂತಳು. ಕಂದು ಬೆಲ್ಟಿಗೆ ಆರು ವರ್ಷ. ಅಲ್ಲಿಂದ ಮುಂದೆ ಇನ್ನೂ ಆರು.

ಮಾಸ್ಟರ್ ಹಳೇ ಕಾಲದ ಮನುಷ್ಯ. ಬೇರೆ ಕ್ಲಾಸಿನಲ್ಲಿ ನಾಲ್ಕೈದು ವರ್ಷಕ್ಕೆ ಕರಿ ಬೆಲ್ಟು ಕಟ್ಟಿ ಕಳಿಸಿದರೆ ಈತ ತಾರೀಖನ್ನೇ ಹೇಳುತ್ತಿರಲಿಲ್ಲ. ಚೆನ್ನಾಗಿ ಮಾಡಿದರೂ "ನಾಳೆ ಬನ್ನಿ", ಕೆಡಿಸಿದರೂ "ನಾಳೆ ಬನ್ನಿ". ಕೊನೆಯ ವರ್ಷ ಇಬ್ಬಿಬ್ಬರನ್ನು ಜೋಡಿ ಮಾಡುತ್ತಿದ್ದ. ಪಾಸಾದರೆ ಇಬ್ಬರೂ, ಇಲ್ಲದಿದ್ದರೆ ಒಬ್ಬರೂ ಇಲ್ಲ. ಕೊನೆಯ ಪಾಠ ನೋಡಲು ಬಲು ಸುಲಭ. ಒಬ್ಬಳು ಪೂರ್ತಿ ಬಲದಿಂದ ಇನ್ನೊಬ್ಬಳ ತಲೆಯ ಬದಿಗೆ ಮುಷ್ಟಿ ಬೀಸಬೇಕು, ಚರ್ಮಕ್ಕೆ ಒಂದು ಕಾಗದದಷ್ಟು ದೂರದಲ್ಲಿ ನಿಲ್ಲಿಸಬೇಕು. ಎದುರಿನವಳು ಕಣ್ಣು ಮಿಟುಕಿಸಬಾರದು.

"ನಿಂಗೆ ಬ್ರೇಕಿಗೆ ಕಾಲು ಹೇಗೆ ಹೋಗುತ್ತೆ? ಯೋಚನೆ ಮಾಡಿ ಒತ್ತುತೀಯಾ? ಹಾಗೆ ಕೈ ನಿಲ್ಲಬೇಕು," ಎಂದಿದ್ದ ಮಾಸ್ಟರ್, ಕನ್ನಡಕದಕ್ಕನ ಜೋಡಿಯಾಗಿದ್ದ ಡ್ರೈವರಮ್ಮನಿಗೆ. "ಅಲ್ಲೀವರೆಗೆ ನಾನು ಇಲ್ಲದೆ ಇದನ್ನ ಮಾಡ್ಕೂಡದು."

*

ಅವಳು ಸಾಯುವ ಎರಡು ದಿನ ಮೊದಲು, ಭಾನುವಾರ, ಅಂಗಡಿಗೆ ರಜೆ. ಪರೀಕ್ಷೆಗೆ ಏಳು ದಿನ ಉಳಿದಿತ್ತು. ಕನ್ನಡಕದಕ್ಕ ಗಾಜು ಉಜ್ಜುವ ಯಂತ್ರವನ್ನು ಗೋಡೆಗೆ ತಳ್ಳಿ, ತನ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಮಾಸ್ಟರಿಗೆ ಗೊತ್ತಾದ್ರೆ ಸಿಗಿದು ಹಾಕ್ತಾರೆ ಅಕ್ಕ."

"ಹೇಳೋರು ಯಾರು? ಗುರುವಾರ ನಾಲ್ಕನೇದಕ್ಕೆ ಕಣ್ಣು ಮುಚ್ಚಿದೆ ಅನ್ನಿಸ್ತು ಕಣೇ."

"ಮುಚ್ಚಲಿಲ್ಲ. ನಾನೇ ನೋಡ್ದೆನಲ್ಲ."

"ನೀನು ನನ್ನ ಮೇಲಿನ ಪ್ರೀತಿಗೆ ಹೇಳ್ತೀಯ. ಬಾಯಿ ಮುಚ್ಕೊಂಡು ಹತ್ತು ಹಾಕು."

ಬೆಳಗಿನ ಪಾಳಿ ಮುಗಿಸಿ ಬಂದಿದ್ದ ಡ್ರೈವರಮ್ಮನ ಭುಜ ಎಂಟನೆಯದರ ಹೊತ್ತಿಗೆ ಸೋತಿತ್ತು. ಮುಷ್ಟಿ ನಿಲ್ಲದೆ ಟಕ್ ಎಂದು ತಾಗಿತು, ಡಬ್ಬಿಯ ಮುಚ್ಚಳ ಬಿದ್ದಷ್ಟೇ ಸದ್ದು. ಕನ್ನಡಕದಕ್ಕ ಕಿವಿಯ ಮೇಲೆ ಕೈಯಿಟ್ಟು ಸ್ಟೂಲಿನ ಮೇಲೆ ಕುಸಿದಳು. ಆಮೇಲೆ ನಗತೊಡಗಿದಳು.

"ಮುಚ್ಚಲಿಲ್ಲ ಕಣೇ. ತಾಗಿದ್ರೂ ಮುಚ್ಚಲಿಲ್ಲ. ನೋಡ್ದೆ ತಾನೆ?"

"ಅಕ್ಕ, ಆಸ್ಪತ್ರೆಗೆ ಹೋಗೋಣ ನಡೀರಿ."

"ಹೋದ್ರೆ ಹೇಗಾಯ್ತು ಅಂತ ಕೇಳ್ತಾರೆ. ಮಾಸ್ಟರು ಇಬ್ರನ್ನೂ ಇನ್ನೊಂದು ವರ್ಷ ಹಿಂದಕ್ಕೆ ಹಾಕ್ತಾರೆ. ಹನ್ನೆರಡು ವರ್ಷ ಕಾದಿದ್ದೀನಿ, ನಂಗಿನ್ನು ಆಗಲ್ಲಪ್ಪ. ಬಾಯಿ ಬಿಟ್ರೆ ನೋಡು."

ಡ್ರೈವರಮ್ಮ ಬಾಯಿ ಬಿಡಲಿಲ್ಲ. ಅಬ್ಬ, ಬದುಕಿದೆ ಎಂದುಕೊಂಡಳು.

*

ಹೆಣ ಒಯ್ಯುವ ಗಾಡಿ ಬಂದು ಬಾಗಿಲ ಮುಂದೆ ನಿಂತಾಗ ಮಾಸ್ಟರೂ ಬಂದ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ನೇರವಾಗಿ ಒಳಗೆ ನಡೆದು, ತಲೆ ಬಾಗಿಸಿ ಬಹಳ ಹೊತ್ತು ನಿಂತ. ಬಂದಾಗಿನಿಂದ ಅವನು ಒಮ್ಮೆಯೂ ತನ್ನ ಕಡೆ ನೋಡಿಲ್ಲವೆಂದು ಡ್ರೈವರಮ್ಮ ಲೆಕ್ಕ ಹಾಕಿದಳು. ಗೊತ್ತಾಗಿದೆ. ಇವನ ಕಣ್ಣಿಗೆ ಇಂಥದ್ದು ತಪ್ಪುವುದಿಲ್ಲ. ಈಗ ಎಲ್ಲರೆದುರಿಗೆ ಕೇಳುತ್ತಾನೆ, ನಾಲಿಗೆ ಹೊರಳದೆ ಸಿಕ್ಕಿಬೀಳುತ್ತೇನೆ, ಬಾಗಿಲಲ್ಲಿರುವ ಗಾಡಿ ಹೋಗಿ ಪೊಲೀಸರ ಗಾಡಿ ಬರುತ್ತದೆ.

ಮಾಸ್ಟರ್ ಕೇಳಲಿಲ್ಲ. ಜೋಳಿಗೆಯಿಂದ ಮಡಿಸಿದ ಕರಿ ಬೆಲ್ಟು ತೆಗೆದು ಮಗಳ ಕೈಗೆ ಕೊಟ್ಟ.

"ನಿಮ್ಮಮ್ಮಂದು."

"ಪರೀಕ್ಷೆ ಇರೋದು ಬರೋ ಭಾನುವಾರ ಅಲ್ವಾ?"

"ಅದು ಬರೀ ನೆಪ ಮಗ. ಹೋದ ಗುರುವಾರವೇ ನೋಡ್ದೆ. ಹತ್ತಕ್ಕೆ ಹತ್ತೂ ಕಣ್ಣು ಮಿಟುಕಿಸಲಿಲ್ಲ. ಅವತ್ತೇ ಆಯ್ತು." ಅವನು ಸತ್ತವಳ ಮುಖದ ಕಡೆ ನೋಡಿದ. "ಹೇಳಬೇಕಿತ್ತೇನೋ. ಹೇಳೋ ರೂಢಿ ಇಲ್ಲ ನಂಗೆ. ನಾಳೆ ಬನ್ನಿ ಅಂದೆ."

ಹೊರಗಿನಿಂದ ಗಂಡನ ದನಿ ಬಂತು, ಹೊಸದಾಗಿ ಬಂದ ಯಾರಿಗೋ: "ಮರುದಿನಾನೂ ನಾಳೆ ಅಂದೆ."

ಮಗಳು ಬೆಲ್ಟನ್ನು ಮುಷ್ಟಿಯಲ್ಲಿ ಮುದುಡಿದಳು. ಮಾಸ್ಟರ್ ಜೋಳಿಗೆಗೆ ಮತ್ತೆ ಕೈ ಹಾಕಿ ಎರಡನೆಯ ಬೆಲ್ಟು ತೆಗೆದ. ಈ ಸಲ ಡ್ರೈವರಮ್ಮನ ಕಡೆ ತಿರುಗಿದ. ಅವನ ಕಣ್ಣು ಒದ್ದೆಯಾಗಿತ್ತು. ಅದರಲ್ಲಿ ಬೇರೇನೂ ಇರಲಿಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ.

"ಜೋಡಿ ಅಂದ್ಮೇಲೆ ಜೋಡಿ. ನಿನ್ನ ಕೈನೂ ಅವತ್ತು ನಿಂತಿತ್ತಮ್ಮ. ತಗೋ."

ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಚಿತೆ ಉರಿದರೆ ಆ ಊತವೂ ಇರುವುದಿಲ್ಲ. ಬಿಪಿಯಿಂದಲೇ ಆಗಿರಬಹುದು, ಮಾತ್ರೆಯಿಂದಲೇ ಆಗಿರಬಹುದು. ಬೆಲ್ಟು ಅವಳ ಎದುರಿಗೆ ಚಾಚಿಕೊಂಡಿತ್ತು.

"ಹೊತ್ತಾಯ್ತು, ಎತ್ತೋಣ," ಎಂದು ನಾಲ್ವರು ಒಳಗೆ ಬಂದರು. ಮಾಲೀಕ ತಲೆಯ ಕಡೆಗೆ ಬಂದ. ಗಂಡ ಹೊಸ್ತಿಲ ಹೊರಗೇ ನಿಂತ, ಒಳಗೆ ಬರಲು ಯಾರಾದರೂ ಹೇಳಲಿ ಎಂಬಂತೆ. ಯಾರೂ ಹೇಳಲಿಲ್ಲ. ಮಗಳು ಅವನಿಗೆ ಬೆನ್ನು ತಿರುಗಿಸಿದಳು.

ಡ್ರೈವರಮ್ಮ ಬೆಲ್ಟು ಮುಟ್ಟಲಿಲ್ಲ. ಮಗಳ ಮಣಿಕಟ್ಟು ಹಿಡಿದು ಮಂಡಿಯೂರಿದಳು. ಹುಡುಗಿಯೂ ಜೊತೆಗೇ ಜಗ್ಗಿ ಕೂತಳು. ಎಡಗಿವಿಯ ಮೇಲೆ ಸತ್ತವಳ ಅಕ್ಕ ನೀಟಾಗಿ ಕೂರಿಸಿದ್ದ ಕೂದಲನ್ನು ಸರಿಸಿ, ಹುಡುಗಿಯ ತೋರುಬೆರಳನ್ನು ಅಲ್ಲಿ ಇಟ್ಟಳು.

"ಇದೇನು?"

"ಭಾನುವಾರದ್ದು," ಎಂದಳು ಡ್ರೈವರಮ್ಮ. "ನನ್ನ ಕೈ. ನಿಮ್ಮಪ್ಪಂಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಹುಡುಗಿಯ ಬೆರಳು ಅಲ್ಲಿಂದ ಕದಲಲಿಲ್ಲ. ಎತ್ತಲೆಂದು ಬಾಗಿದ್ದ ನಾಲ್ವರು, ಎತ್ತುವುದೋ ಬಿಡುವುದೋ ತಿಳಿಯದೆ, ಬಾಗಿದ ಹಾಗೇ ನಿಂತಿದ್ದರು.