ಹಿಂದಿನ ಸೀಟು

"ಆ ಹಿಂದಿನ ಸೀಟು ಬೇಡ್ವೇ ಬೇಡ ಸಾರ್, ಕಿತ್ತಾಕಿ," ಎಂದ ಪಾಸ್ಕೊ.

ವಿಮಾನವಾಹಕ ಹಡಗಿನ ಊಟದ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯುದ್ಧವಿಮಾನದ ಆ ಸೀಟಿನಲ್ಲಿ ಕೂರುತ್ತಿದ್ದವನು ಅವನೇ. ವಿಮಾನ ಹಾರಿಸುವವನು ರೆನ್ನಿ. ನೀರು ಬಿಟ್ಟರೆ ಬೇರೇನೂ ಕಾಣದ ಕಡಲ ಮೇಲೆ ಗಾಳಿಯ ಲೆಕ್ಕ ಹಾಕಿ, ಅಷ್ಟರಲ್ಲಿ ಎಲ್ಲೋ ಸಾಗಿಹೋಗಿರುತ್ತಿದ್ದ ತಮ್ಮ ಹಡಗಿಗೆ ಅವನನ್ನು ಮರಳಿ ತಲುಪಿಸುವವನು ಪಾಸ್ಕೊ. ಯುದ್ಧ ಶುರುವಾದಾಗಿನಿಂದ ಇಬ್ಬರದೂ ಒಂದೇ ಜೋಡಿ.

ವಿಮಾನಗಳ ವಿನ್ಯಾಸ ಮಾಡುವ ಹಾಲಮ್ ದಡದಿಂದ ಬಂದಿದ್ದರು. ಹೊಸ ಯುದ್ಧವಿಮಾನಕ್ಕೆ ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಎಂದು ಎಲ್ಲರನ್ನೂ ವಿಚಾರಿಸುತ್ತಿದ್ದರು.

"ಅವನ ಮಾತು ಕಟ್ಕೋಬೇಡಿ ಸಾರ್," ರೆನ್ನಿ ನಕ್ಕ. "ಇವನಿಲ್ದಿದ್ರೆ ನಾನು ನಮ್ಮನೆ ಹಿತ್ತಲಲ್ಲೇ ದಾರಿ ತಪ್ತೀನಿ."

ಪಾಸ್ಕೊ ನಗಲಿಲ್ಲ. "ಮೊನ್ನೆ ಜರ್ಮನ್ ವಿಮಾನ ನಮ್ಮ ಕಣ್ಣೆದುರೇ ತಪ್ಪಿಸ್ಕೊಂಡ್ತು. ನನ್ನ ಭಾರ ಇಲ್ದಿದ್ರೆ ಹಿಡೀತಿದ್ವಿ. ಅದು ಹೋಗಿ ನಾವಿರೋ ಜಾಗದ ಸುದ್ದಿ ಕೊಡ್ತು, ಸಂಜೆಗೆ ನಮ್ಮ ಜೊತೆಗಿದ್ದ ಸರಕಿನ ಹಡಗು ಮುಳುಗ್ತು. ನೀರಲ್ಲಿ ಕೈ ಎತ್ತಿದೋರನ್ನ ಮೇಲಿಂದ ನೋಡಿದೀನಿ ಸಾರ್. ಈಗ ದಾರಿ ತೋರ್ಸೋಕೆ ಹಡಗಿಂದ ರೇಡಿಯೋ ಸಂಕೇತ ಬರುತ್ತೆ. ಒಬ್ಬನೇ ಆದ್ರೂ ವಾಪಸ್ ಬರಬಹುದು."

"ಬರದೇ ಹೋದ್ರೆ?" ಎಂದ ರೆನ್ನಿ.

ಹಾಲಮ್ ಪೆನ್ನಿನ ಮುಚ್ಚಳ ಹಾಕಿದರು.

ಹೊರಗೆ ಬಂದ ಮೇಲೆ ರೆನ್ನಿ ಅವನ ಮುಖ ನೋಡದೆ ಹೇಳಿದ: "ನನ್ನ ಸಹವಾಸ ಸಾಕಾಯ್ತು ಅಂತ ನನಗೇ ಹೇಳ್ಬಹುದಿತ್ತಲ್ಲೋ."

"ಹಾಗಲ್ಲ ಕಣೋ..."

ರೆನ್ನಿ ಆಗಲೇ ಏಣಿ ಇಳಿದುಬಿಟ್ಟಿದ್ದ.

ವರ್ಷ ಕಳೆದ ಮೇಲೆ ಒಂದೇ ಸೀಟಿನ ವಿಮಾನಗಳು ಬಂದವು. ಪಾಸ್ಕೊನಿಗೆ ಹಡಗಿನೊಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ ನಕ್ಷೆಯ ಮೇಜಿನ ಕೆಲಸ ಸಿಕ್ಕಿತು. ರೆನ್ನಿ ಎದುರಾದರೆ ತಲೆಯಾಡಿಸುತ್ತಿದ್ದ, ಅಷ್ಟೆ.

ಒಂದು ಬೆಳಿಗ್ಗೆ ಹೊರಟ ವಿಮಾನಗಳೆಲ್ಲ ಮರಳಿದರೂ ರೆನ್ನಿ ಬರಲಿಲ್ಲ. ಕಡಲ ಮೇಲೆ ಮಂಜು ಕವಿದಿತ್ತು. ಪಾಸ್ಕೊ ಡೆಕ್ಕಿಗೆ ಓಡಿದ. ಇನ್ನು ಇಂಧನ ಮುಗಿದಿರುತ್ತದೆ ಎಂದು ಎಲ್ಲರೂ ಆಸೆ ಬಿಡುವ ಹೊತ್ತಿಗೆ ವಿಮಾನ ಮಂಜು ಸೀಳಿಕೊಂಡು ಬಂದು ಇಳಿಯಿತು. ರೆನ್ನಿ ಬೇಹಿನ ವಿಮಾನವೊಂದನ್ನು ಬೆನ್ನಟ್ಟಿ ಹೊಡೆದುರುಳಿಸಿ ಬಂದಿದ್ದ. ಹುಡುಗರು ಕೂಗುತ್ತ ಅವನನ್ನು ಹೆಗಲಿಗೇರಿಸಿದರು.

ಪಾಸ್ಕೊನನ್ನು ಕಂಡು ರೆನ್ನಿ ಕೆಳಗಿಳಿದ. ಅವನ ತುಟಿ ಬಿಳಿಚಿತ್ತು.

"ಸಂಕೇತ ಸರಿಯಾಗಿ ಕೇಳಿಸ್ಲಿಲ್ಲ ಕಣೋ. ನೀನು ಹಿಂದೆ ಇದೀಯ ಅಂದ್ಕೊಂಡು 'ಎಡಕ್ಕಾ, ಬಲಕ್ಕಾ' ಅಂತ ನಿನ್ನನ್ನ ಕೇಳ್ದೆ. ಕೇಳಿ, ಉತ್ತರಕ್ಕೆ ಕಾಯ್ತಾ ಇದ್ದೆ."

ಪಾಸ್ಕೊ ಏನಾದರೂ ಹೇಳುವ ಮೊದಲೇ ಹುಡುಗರು ರೆನ್ನಿಯನ್ನು ಬಿಯರಿಗೆಂದು ಎಳೆದೊಯ್ದರು.

ಡೆಕ್ ಖಾಲಿಯಾಯಿತು. ಪಾಸ್ಕೊ ಟೋಪಿ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದ. "ಗಾಳಿ ಉತ್ತರಕ್ಕೆ ತಿರುಗ್ತಾ ಇದೆ," ಎಂದು, ಮುಂದಿನ ಸೀಟಿನವನಿಗೆ ಹೇಳುವಂತೆ ಗಟ್ಟಿಯಾಗಿಯೇ ಹೇಳಿದ.