ಹೂಂಗುಟ್ಟಿದ್ದಕ್ಕೆ ಸಿಕ್ಕ ಬಾಲ್ಕನಿ

"ಅಭಿನಂದನೆಗಳು ಮೇಡಂ! ನಿಮ್ಮನ್ನ ಮೇಲೆ ಕಳಿಸ್ತಾ ಇದ್ದೀವಿ," ಎಂದಳು ಕೌಂಟರಿನ ಆಚೆ ಕೂತಿದ್ದ ನೀಲಿ ಸ್ಕಾರ್ಫಿನ ಹೆಂಗಸು, ಹಲ್ಲೆಲ್ಲ ತೋರಿಸಿ.

ಚೌಕಾಸಿಯಮ್ಮನ ಎದೆ ಧಸಕ್ಕೆಂದಿತು. ಗಂಟುಮೂಟೆ ಕಟ್ಟಿಕೊಂಡು, ದೂರ ನಡೆಯಲಾರದ ವಯಸ್ಸಾದ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು, ಗಂಡನ ಜೊತೆ ಹಡಗು ಹತ್ತಲು ಬಂದವಳಿಗೆ ಹೇಳುವ ಮಾತೇ ಇದು?

"ನಮಗಿನ್ನೂ ಅಷ್ಟು ಅವಸರ ಇಲ್ಲಮ್ಮ," ಎಂದಳು.

"ಅಯ್ಯೋ, ಮೇಲಿನ ಮಹಡಿಗೆ ಮೇಡಂ! ಬಾಲ್ಕನಿ ಇರೋ ಕೋಣೆ, ನಿಮಗೂ ಸರ್‌ಗೂ. ಅಮ್ಮನಿಗೆ ಕೆಳಗಡೆ ಒಂದು ಸಿಂಗಲ್ ಕೋಣೆ. ಎಲ್ಲರಿಗೂ ಸಿಗೋ ಅದೃಷ್ಟ ಅಲ್ಲ ಇದು."

ಚೌಕಾಸಿಯಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವಳದು ತುಂಡು ಬಟ್ಟೆ ಮಾರುವ ಅಂಗಡಿ. ಬೆಳಗ್ಗೆ ಬಾಗಿಲು ತೆಗೆದರೆ ಮುಚ್ಚುವವರೆಗೂ ಬೆಲೆ ಜಗ್ಗಾಟವೇ ಕೆಲಸ. ಹೆಸರಿಟ್ಟದ್ದು ಸೋತ ಗಿರಾಕಿಗಳು. ಈ ಪ್ರಯಾಣಕ್ಕೆ ಟಿಕೆಟ್ ತೆಗೆಯುವಾಗಲೂ ಏಜೆನ್ಸಿಯವನ ಜೊತೆ ಜಗ್ಗಾಡಿದ್ದಳು. ಆದರೆ ಆ ಸಲದ ಜಗ್ಗಾಟ ಉಲ್ಟಾ. ಅವನು ಕಿಟಕಿ ಕೊಡುತ್ತೇನೆ ಎನ್ನುತ್ತಾನೆ, ಇವಳು ಬೇಡ ಎನ್ನುತ್ತಾಳೆ. ಅವನು ಸಮುದ್ರ ಕಾಣುತ್ತದೆ ಎನ್ನುತ್ತಾನೆ, ಇವಳು ಕಾಣಬಾರದು ಎನ್ನುತ್ತಾಳೆ. ಕೊನೆಗೆ ಹಡಗಿನ ಹೊಟ್ಟೆಯೊಳಗಿನ, ಕಿಟಕಿಯೇ ಇಲ್ಲದ, ಮೂರು ಮಂಚದ ಒಂದು ಕೋಣೆ ಹಿಡಿದುಕೊಂಡು ಗೆದ್ದ ಮುಖದಲ್ಲಿ ಮನೆಗೆ ಬಂದಿದ್ದಳು.

ಕಾರಣ ಅಮ್ಮ. ಅಮ್ಮ ದುಡಿದದ್ದೆಲ್ಲ ಬಂದರಿನ ಲಾಂಡ್ರಿಯಲ್ಲಿ. ಹಡಗುಗಳಿಂದ ಇಳಿದು ಬರುವ ಮೂಟೆಗಟ್ಟಲೆ ಚಾದರಗಳನ್ನು ಇಸ್ತ್ರಿ ಮಾಡಿ ಮಾಡಿ ಅವಳ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಹಡಗನ್ನು ಮಾತ್ರ ಒಂದು ದಿನವೂ ಹತ್ತಿದವಳಲ್ಲ. "ನಾನು ಇಸ್ತ್ರಿ ಮಾಡಿದ ಚಾದರದ ಮೇಲೆ ಊರೋರೆಲ್ಲ ಮಲಗಿದ್ರು. ಒಂದ್ಸಲ ನಾನೂ ಮಲಗಬೇಕು ಕಣೇ," ಎಂದು ಹೇಳುತ್ತಲೇ ಇದ್ದಳು. ಈಗ ನೆನಪು ಕೈಕೊಡುತ್ತಿದೆ. ಮಗಳ ಹೆಸರೇ ಒಮ್ಮೊಮ್ಮೆ ಮರೆತುಹೋಗುತ್ತದೆ, ಈ ಆಸೆ ಮಾತ್ರ ಮರೆತಿಲ್ಲ. ಇನ್ನು ತಡಮಾಡಿದರೆ ಅದೂ ಹೋಗುತ್ತದೆ ಎಂದು ಮಗಳು ಹೊರಡಿಸಿದ್ದಳು.

ನಿದ್ದೆಗಣ್ಣಿನಲ್ಲಿ ಎದ್ದು, ಕೈಗೆ ಸಿಕ್ಕ ಬಾಗಿಲು ತೆಗೆದುಕೊಂಡು "ಕೆಲಸಕ್ಕೆ ಹೊತ್ತಾಯ್ತು" ಎಂದು ಹೊರಟುಬಿಡುವುದು ಅಮ್ಮನ ಈಚಿನ ಅಭ್ಯಾಸ. ಮನೆಯಲ್ಲಿ ಚೌಕಾಸಿಯಮ್ಮ ತನ್ನ ಮಂಚವನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡೇ ಮಲಗುತ್ತಾಳೆ. ಒಂದೇ ಬಾಗಿಲಿನ ಕೋಣೆಯಾದರೆ ಕಾಯಬಹುದು. ಬಾಲ್ಕನಿ ಇರುವ ಕೋಣೆಗೆ ಎರಡು ಬಾಗಿಲು, ಎರಡನೆಯದು ಸಮುದ್ರಕ್ಕೆ ತೆರೆಯುತ್ತದೆ. ಸಿಂಗಲ್ ಕೋಣೆಯಲ್ಲಿ ಇರುವುದು ಒಂದೇ ಮಂಚ, ಕಾಯುವವರಿಗೆ ಜಾಗವಿಲ್ಲ. ಈ ಕಂಪನಿಯ ಅದೃಷ್ಟಕ್ಕೆ ಬೆಂಕಿ ಬೀಳಲಿ.

"ಈ ಬಾಲ್ಕನಿ ಯಾರು ಕೇಳಿದ್ರು?" ಚೌಕಾಸಿಯಮ್ಮನ ದನಿ ಏರಿತು.

"ಸರ್ ಒಪ್ಪಿದ್ದಾರಲ್ಲ ಮೇಡಂ, ಫೋನಿನಲ್ಲಿ."

ಚೌಕಾಸಿಯಮ್ಮ ತಿರುಗಿ ಗಂಡನನ್ನು ನೋಡಿದಳು. ಗಂಡ ಸೂಟ್‌ಕೇಸಿನ ಹಿಡಿಯನ್ನು ನೋಡಿದ.

ಗಂಡನದು ಕ್ಷೌರದ ಅಂಗಡಿ. ಬೀದಿಯವರು ಅವನನ್ನು ಹೂಂರಾಯರು ಎಂದೇ ಕರೆಯುವುದು. ಗಿರಾಕಿ ಏನು ಹೇಳಿದರೂ ಹೂಂ. ರಾಜಕೀಯಕ್ಕೂ ಹೂಂ, ಮಂಡಿನೋವಿಗೂ ಹೂಂ. ಅದು ಅವನ ಸೋಮಾರಿತನವಲ್ಲ, ಕಸುಬು. ಕುತ್ತಿಗೆಯ ಮೇಲೆ ಕತ್ತಿ ಇಟ್ಟವನು ಊಹೂಂ ಅನ್ನಬಾರದು. ಊಹೂಂ ಅಂದರೆ ಗಿರಾಕಿ ವಾದಕ್ಕೆ ತಲೆ ತಿರುಗಿಸುತ್ತಾನೆ, ತಲೆ ತಿರುಗಿಸಿದರೆ ಕಿವಿ ಹೋಗುತ್ತದೆ.

"ಬೇಕಾದ್ರೆ ಕೇಳಿ," ಎಂದು ನೀಲಿ ಸ್ಕಾರ್ಫಿನವಳು ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥ ಹೆಣ್ಣುದನಿಯೊಂದು ಹೊರಬಂತು.

"ಸರ್, ನಿಮ್ಮ ಒಳಗಿನ ಕೋಣೆ ಬಿಟ್ಟುಕೊಟ್ಟು ಬಾಲ್ಕನಿ ಕೋಣೆಗೆ ಹೋಗೋ ಅವಕಾಶ ಇದೆ. ಹೇಳಲಾ ಸರ್?"

"ಹೂಂ."

ಹಿಂದಿನಿಂದ ಇನ್ನೊಂದು ಗಂಡುದನಿ, ಸೋಪಿನ ನೊರೆಯೊಳಗಿಂದ: "...ಸೊಸೆ ನನಗೆ ಬೇರೆ ತಟ್ಟೆ ಇಟ್ಟಿದ್ದಾಳೆ ಕಣಯ್ಯಾ, ಬೇರೆ ಲೋಟ. ಮನೆಯವನೋ ಬಾಡಿಗೆಯವನೋ ನಾನು?"

"ಹೂಂ, ಹೂಂ."

"ಆ ಕೋಣೆ ಇಬ್ಬರಿಗೆ ಮಾತ್ರ ಸರ್. ಜೊತೆಗಿರೋ ಹಿರಿಯರಿಗೆ ಬೇರೆ ಮಹಡಿಯಲ್ಲಿ ಕೋಣೆ ಕೊಡ್ತೀವಿ. ಒಪ್ಪಿಗೆ ತಾನೇ?"

"...ಮಾತಾಡೋರೇ ಇಲ್ಲ. ನಾನು ಸತ್ರೂ ಗೊತ್ತಾಗಲ್ಲ."

"ಹೂಂ. ಪಾಪ."

"ಧನ್ಯವಾದ ಸರ್!"

ನೀಲಿ ಸ್ಕಾರ್ಫಿನವಳು ವಿಜಯದ ನಗೆ ನಕ್ಕಳು. ಚೌಕಾಸಿಯಮ್ಮನಿಗೆ ನೆತ್ತಿಯಿಂದ ಹೊಗೆ ಬಂದಂತಾಯಿತು.

"ಪಾಪ ಅಂದಿದ್ದಾರಲ್ಲಮ್ಮ! ಬಾಲ್ಕನಿ ಕೊಡ್ತೀನಿ ಅಂದ್ರೆ ಯಾರಾದ್ರೂ ಪಾಪ ಅಂತಾರಾ? ಅಷ್ಟೂ ತಿಳಿಯಲ್ವಾ ನಿಮಗೆ?"

"ಕಿವೀಲಿ ಇಯರ್‌ಫೋನ್ ಇತ್ತು ಕಣೇ," ಗಂಡ ಗೊಣಗಿದ. "ತೆಗೆಯೋಕೆ ಕೈ ಬಿಡುವಿರಲಿಲ್ಲ. ಕತ್ತಿ ಹಿಡಿದಿದ್ದೆ. ನಾನು ಹೂಂ ಅಂದದ್ದು ಆ ಗಿರಾಕಿಗೆ."

"ನೀವು ಯಾರಿಗೆ ಹೂಂ ಅಂದಿಲ್ಲ ಹೇಳಿ!"

ಸಿಟ್ಟು ಈಗ ಸರಿಯಾದ ವಿಳಾಸಕ್ಕೆ ತಿರುಗಿತು. ನಲ್ಲಿ ಸೋರುತ್ತಿದೆ ಎಂದರೆ ಹೂಂ, ಎದೆ ನೋಯುತ್ತಿದೆ ಎಂದರೂ ಅದೇ ಹೂಂ. ಅದಕ್ಕಿಂತ ದೊಡ್ಡ ಸಂಗತಿಯೊಂದು ತಟ್ಟನೆ ನೆನಪಾಯಿತು. ಅಮ್ಮನನ್ನು ನಮ್ಮ ಮನೆಗೇ ಕರೆದುಕೊಂಡು ಬರೋಣವೇ ಎಂದು ಕೇಳಿದಾಗಲೂ ಇವನು ಹೇಳಿದ್ದು ಒಂದು ಹೂಂ, ಅಷ್ಟೇ. ಅದನ್ನು ನಂಬಿ ಇಷ್ಟು ಕಾಲ ಸಂಸಾರ ಮಾಡಿದ್ದಳು. ಅದು ಒಪ್ಪಿಗೆಯೇ ಆಗಿತ್ತೋ, ಅಥವಾ ಅದೂ ಮಂಡಿನೋವಿನ ಹೂಂ ಆಗಿತ್ತೋ? ಈ ಸಿಟ್ಟಿನ ಜೊತೆ ಹೆದರಿಕೆಯೂ ಬೆರೆತಿತ್ತು.

ಮೊದಲು ಹಡಗಿನವರನ್ನು ವಿಚಾರಿಸಿಕೊಳ್ಳೋಣ, ಮನೆಯವರದು ಆಮೇಲೆ ಎಂದುಕೊಂಡು ಕೌಂಟರಿಗೆ ಮರಳಿದಳು.

"ನಮ್ಮ ಹಳೇ ಕೋಣೆ ನಮಗೆ ಕೊಡಿ."

"ಅದು ಬೇರೆಯವರಿಗೆ ಹೋಯ್ತು ಮೇಡಂ. ಅಮ್ಮನ ಮಂಚದ ಹತ್ರ ಕರೆಗಂಟೆ ಇಡಿಸ್ತೀನಿ."

"ಗಂಟೆ ಒತ್ತೋಕೆ ನೆನಪಿದ್ರೆ ನಾನ್ಯಾಕಮ್ಮ ಜೊತೇಲಿ ಮಲಗ್ಲಿ?"

"ಹಾಗಾದ್ರೆ ಇನ್ನೂ ಮೇಲಿನ ಮಹಡಿಯಲ್ಲಿ, ಬಾತ್‌ಟಬ್ ಇರೋ ಕೋಣೆ..."

"ತಾಯೀ, ನಾನು ಕೆಳಗೆ ಕೇಳ್ತಿದ್ದೀನಿ. ನೀನು ಮೇಲೆ ಮೇಲೆ ಹತ್ತಿಸ್ತೀಯಲ್ಲ!"

ಗದ್ದಲ ಕೇಳಿ ಮೇಲ್ವಿಚಾರಕ ಬಂದ. ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿ, ಮುಖದಲ್ಲಿ ಎಂಥ ಬಯ್ಗುಳದ ಮಳೆಗೂ ನೆನೆಯದ ತಾಳ್ಮೆ. ಚೌಕಾಸಿಯಮ್ಮ ಮೊದಲಿನಿಂದ ಎಲ್ಲ ಹೇಳಿದಳು. ಅವನು ತಲೆಯಾಡಿಸುತ್ತ "ಹೂಂ... ಹೂಂ..." ಎನ್ನುತ್ತ ಕೇಳಿಸಿಕೊಂಡ. ಅವಳ ಕಣ್ಣು ಮಿಂಚಿತು.

"ಹಾಗಾಗಿ ನಮ್ಮ ಕೋಣೆ ನಮಗೇ ಕೊಡಿಸ್ತೀರಿ."

"ಹೂಂ... ಅಲ್ಲ, ಅದು..."

"ಅಂದ್ರಲ್ಲ! ಹೂಂ ಅಂದ್ರಲ್ಲ! ನಿಮ್ಮ ಲೆಕ್ಕದಲ್ಲಿ ಹೂಂ ಅಂದ್ರೆ ಒಪ್ಪಿಗೆ ತಾನೇ? ಕೊಡಿ ಬೀಗದ ಕಾರ್ಡು!"

ಮೇಲ್ವಿಚಾರಕ ಮೆಲ್ಲಗೆ ನಕ್ಕ. "ಚೆನ್ನಾಗಿ ಮಾತಾಡ್ತೀರಿ ಮೇಡಂ. ಆದ್ರೆ ನನ್ನ ಹೂಂ ರೆಕಾರ್ಡ್ ಆಗಿಲ್ವಲ್ಲ."

ಆ ನಗು ನೋಡಿ ಅವಳ ಮೈಯೆಲ್ಲ ಉರಿಯಿತು. ನಮ್ಮ ಹೂಂ ಹಿಡಿದಿಡುವ ಯಂತ್ರ ಇವರ ಬಳಿ ಇದೆ, ಇವರ ಹೂಂ ಹಿಡಿದಿಡುವ ಯಂತ್ರ ಇನ್ನೂ ಹುಟ್ಟಿಲ್ಲ. ಉಳ್ಳವನ ಮಾತಿಗೆ ಸಾಕ್ಷಿ ಬೇಡ, ಇಲ್ಲದವನ ಕೆಮ್ಮಿಗೂ ಸಾಕ್ಷಿ. ಕಪಾಳಕ್ಕೆ ಬಾರಿಸಬೇಕು ಎನಿಸಿತು. ಕೌಂಟರಿನ ಗಾಜು ಅಡ್ಡ ಇತ್ತು, ಮರ್ಯಾದೆಯೂ ಅಡ್ಡ ಇತ್ತು.

ಅವಳ ಕಸುಬಿಗೆ ಒಂದೇ ನಿಯಮ. ಬೇಡ ಎಂದು ಎದ್ದು ಹೋಗಲಾರದವನು ಚೌಕಾಸಿಗೆ ಇಳಿಯಬಾರದು. ಇವತ್ತು ಅವಳು ಎದ್ದು ಹೋಗಲಾರಳು, ಅದು ಮೇಲ್ವಿಚಾರಕನಿಗೂ ಗೊತ್ತು. ದೊಡ್ಡ ಗಾಜಿನ ಗೋಡೆಯಾಚೆ ಹಡಗು ನಿಂತಿತ್ತು. ಅಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿ ಅದನ್ನೇ ನೋಡುತ್ತಿದ್ದಳು.

"ಅಷ್ಟು ದೊಡ್ಡದು! ಎಷ್ಟು ಚಾದರ ಹಿಡಿಯತ್ತೋ," ಎಂದು ತನ್ನಷ್ಟಕ್ಕೆ ನಕ್ಕಳು. ಆಮೇಲೆ ಮಗಳ ಮುಖ ನೋಡಿ, "ನನ್ನಿಂದ ತೊಂದರೆನಾ? ನೀವು ಮೇಲಿರಿ. ನಾನು ಒಬ್ಬಳೇ ಮಲಗ್ತೀನಿ. ಎಲ್ಲೂ ಹೋಗಲ್ಲ," ಎಂದಳು. ಬೆಳಗಾದರೆ ಈ ಮಾತೂ ಅವಳಿಗೆ ನೆನಪಿರುವುದಿಲ್ಲ.

ಚೌಕಾಸಿಯಮ್ಮನ ಕತ್ತು ಬಾಗಿತು. ಅಮ್ಮನ ಸಿಂಗಲ್ ಕೋಣೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ಕಳೆದರಾಯಿತು, ನಿದ್ದೆ ಇಲ್ಲದಿದ್ದರೆ ಸಾಯುವುದಿಲ್ಲ. ಬಾಲ್ಕನಿಯಲ್ಲಿ ಹೂಂರಾಯರು ಸಮುದ್ರಕ್ಕೆ ಹೂಂಗುಟ್ಟುತ್ತಾ ಕೂರಲಿ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡೇ ಅವಳು ಸಹಿಗೆ ಪೆನ್ನು ಎತ್ತಿಕೊಂಡಳು.

"ಊಹೂಂ."

ದನಿ ಯಾರದೆಂದು ಅವಳಿಗೇ ತಿಳಿಯಲಿಲ್ಲ. ಆ ಗಂಟಲಿನಿಂದ ಆ ಸದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಗಂಡ ಪೆನ್ನನ್ನು ಅವಳ ಕೈಯಿಂದ ತೆಗೆದು ಕೌಂಟರಿನ ಮೇಲಿಟ್ಟ. ಸೂಟ್‌ಕೇಸನ್ನು ಕೌಂಟರಿನ ಎದುರಿಗೇ ಅಡ್ಡ ಮಲಗಿಸಿ, ಅದರ ಮೇಲೆ ಕೂತ.

"ಸರ್, ಒಪ್ಪಿದ್ದು ನೀವೇ," ಎಂದ ಮೇಲ್ವಿಚಾರಕ.

"ಊಹೂಂ."

"ಹಾಗಾದ್ರೆ ಟಿಕೆಟ್ ರದ್ದು ಮಾಡ್ಲಾ?"

"ಊಹೂಂ."

"ಬಾತ್‌ಟಬ್ ಕೋಣೆಗೆ ಹೆಚ್ಚಿಗೆ ಏನೂ ತಗೊಳ್ಳಲ್ಲ ಸರ್."

"ಊಹೂಂ. ಇದನ್ನ ರೆಕಾರ್ಡ್ ಮಾಡ್ಕೊಳ್ಳಿ. ಈಗ ನನ್ನ ಕೈಯಲ್ಲಿ ಕತ್ತಿ ಇಲ್ಲ."

ಎದ್ದು ಹೋಗುವ ಗಿರಾಕಿಯನ್ನು ಚೌಕಾಸಿಯಮ್ಮ ಕಂಡಿದ್ದಳು. ಏಳದೆ ಕೂರುವ ಗಿರಾಕಿ ಅದಕ್ಕಿಂತ ದೊಡ್ಡ ಕಾಟ ಎನ್ನುವುದು ಅವಳಿಗೆ ಈಗ ಹೊಳೆಯಿತು. ಹಿಂದೆ ಸಾಲು ಬೆಳೆಯುತ್ತಿತ್ತು. ಹ್ಯಾಟು ಹಾಕಿದ ಮುದುಕನೊಬ್ಬ ಸಿಡುಕಿನಿಂದ "ಏನ್ರೀ ತಡ?" ಎಂದ. ಗಂಡ ಕೂತಲ್ಲಿಂದಲೇ, ಕುರ್ಚಿಯಲ್ಲಿ ಕೂತ ಗಿರಾಕಿಯನ್ನು ಮಾತಾಡಿಸುವಷ್ಟು ಸಲೀಸಾಗಿ ಕೇಳಿದ.

"ಯಜಮಾನರೇ, ಇವರು ಫೋನ್ ಮಾಡಿದಾಗ ನೀವು ಹೂಂ ಅಂದಿದ್ರಾ?"

"ಅಂದಿರ್ತೀನಪ್ಪ, ಯಾರು ಫೋನ್ ಮಾಡಿದ್ರೂ ಅಂತೀನಿ. ಯಾಕೆ?"

"ನಿಮ್ಮ ಕೋಣೆ ಎಲ್ಲಿದೆ ಅಂತ ಒಂದ್ಸಲ ನೋಡ್ಕೊಳ್ಳಿ."

ಮುದುಕ ಚೀಟಿ ತೆಗೆದು ಕಣ್ಣಿಗೆ ಹಿಡಿದ. ಅವನ ಹಿಂದಿನವಳು ತನ್ನದನ್ನು ತೆಗೆದಳು. "ಅಯ್ಯೋ, ನಾನು ಅಕ್ಕನ ಪಕ್ಕದ ಕೋಣೆ ಕೇಳಿದ್ದು!" ಎಂದು ಯಾರೋ ಕೂಗಿದರು. ಸಾಲಿನ ಉದ್ದಕ್ಕೂ ಕಾಗದಗಳು ಸರಬರ ಬಿಚ್ಚಿಕೊಂಡವು. ಮೇಲ್ವಿಚಾರಕನ ತಾಳ್ಮೆ ಅಲ್ಲಿಗೆ ಮೊದಲ ಸಲ ನೆನೆಯಿತು.

ಅವನು ಓಡಿಹೋಗಿ ಎಲ್ಲಿಗೋ ಫೋನ್ ಮಾಡಿ ಬಂದು, ದನಿ ತಗ್ಗಿಸಿ ಹೇಳಿದ. "ಒಂದೇ ಒಂದು ಖಾಲಿ ಇದೆ. ಮೂರು ಮಂಚ, ಕಿಟಕಿ ಇಲ್ಲ. ಆದ್ರೆ ಅದನ್ನ ನಾವು ಯಾರಿಗೂ ಕೊಡಲ್ಲ. ತೀರಾ ಕೆಳಗೆ, ಪಕ್ಕದಲ್ಲೇ ಹಡಗಿನ ಲಾಂಡ್ರಿ. ಹಗಲೂ ರಾತ್ರಿ ಯಂತ್ರದ ಸದ್ದು. ಆಮೇಲೆ ದೂರು ಹೇಳಬಾರದು."

"ಓಹೋ, ಮಾತಿಗೆ ಮಾತು ಕೊಟ್ಟಿದ್ದಕ್ಕೆ ಈ ಶಿಕ್ಷೆನಾ?" ಚೌಕಾಸಿಯಮ್ಮ ಮತ್ತೆ ಸೊಂಟಕ್ಕೆ ಕೈಯಿಟ್ಟಳು.

"ಲಾಂಡ್ರಿ ಅಂದ್ರಾ?" ಕುರ್ಚಿಯಿಂದ ಅಮ್ಮನ ದನಿ ಬಂತು. "ಹಡಗಲ್ಲೂ ಲಾಂಡ್ರಿ ಇದ್ಯಾ?"

ಗಂಡ ಸೂಟ್‌ಕೇಸಿನಿಂದ ಎದ್ದ. "ಹೂಂ," ಎಂದ ಮೇಲ್ವಿಚಾರಕನಿಗೆ. ಸಾಲದೆಂದು ಸೇರಿಸಿದ, "ಅಂದ್ರೆ, ಒಪ್ಪಿಗೆ."

ಕೋಣೆ ಬೆಂಕಿಪೊಟ್ಟಣದಷ್ಟಿತ್ತು. ಗೋಡೆಯಾಚೆ ಯಂತ್ರಗಳು ಗುಡುಗುಡು ಎನ್ನುತ್ತಿದ್ದವು, ಬಾಗಿಲ ಸಂದಿಯಿಂದ ಬಿಸಿ ಇಸ್ತ್ರಿಯ ವಾಸನೆ ಬರುತ್ತಿತ್ತು. ಹಡಗು ಇನ್ನೂ ಕದಲಿರಲಿಲ್ಲ. ಅಮ್ಮ ಚಾದರದ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, ಚಪ್ಪಲಿ ಕಳಚಿ, ಅದರ ಮೇಲೆ ನೆಟ್ಟಗೆ ಮಲಗಿದಳು.

"ಕೆಲಸಕ್ಕೆ ಹೋಗಬೇಕಾ?" ಎಂದು ಮಗಳನ್ನು ಕೇಳಿದಳು.

"ಬೇಡಮ್ಮ. ಇವತ್ತು ಬೇರೆಯವರು ಮಾಡ್ತಿದ್ದಾರೆ. ಸದ್ದು ಕೇಳಿಸ್ತಿಲ್ವಾ?"

ಅಮ್ಮ ಕಿವಿಗೊಟ್ಟಳು. ಕೇಳುತ್ತ ಕೇಳುತ್ತಲೇ ನಿದ್ದೆ ಹೋದಳು.

ಚೌಕಾಸಿಯಮ್ಮ ತನ್ನ ಮಂಚವನ್ನು ಬಾಗಿಲಿಗೆ ಎಳೆಯಲು ನೋಡಿದಳು. ನೆಲಕ್ಕೆ ಬಿಗಿದಿದ್ದರು. ಗಂಡ ಹಾಸಿಗೆಯನ್ನೇ ಎತ್ತಿ ಬಾಗಿಲಿಗೆ ಅಡ್ಡ ಹಾಕಿ, ಅದರ ಮೇಲೆ ತಾನು ಕೂತ. ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಇಳಿಯಬೇಕಾದರೆ ಒಂದು ಪ್ರಶ್ನೆ ಬಾಕಿ ಇತ್ತು.

"ರೀ, ಅಮ್ಮನ್ನ ಮನೆಗೆ ಕರ್ಕೊಂಡು ಬರೋಣ್ವಾ ಅಂತ ಕೇಳಿದಾಗ ಹೂಂ ಅಂದ್ರಲ್ಲ. ಅದು ಯಾವ ಹೂಂ?"

ಗಂಡ ಅತ್ತೆಯ ಚಪ್ಪಲಿಗಳನ್ನು ಮಂಚದ ಕೆಳಗೆ ಸರಿಸಿಟ್ಟ.

"ಅವತ್ತು ಅಂಗಡಿಗೆ ರಜಾ ಕಣೇ," ಎಂದ. "ಕೈಯಲ್ಲಿ ಕತ್ತಿ ಇರಲಿಲ್ಲ."