ಒಣಗಿ ಬಂದ ಕಡ್ಡಿ

ನನ್ನ ಬಲಗೈಯ ಎರಡು ಬೆರಳುಗಳಿಗೆ ಉಗುರಿಲ್ಲ. ಮಕ್ಕಳಾಗದವರ ಆಸ್ಪತ್ರೆಯಲ್ಲಿ ಮೂರು ವರ್ಷ ಆಯಾ ಆಗಿ ದುಡಿದು ಗಳಿಸಿದ್ದು ಇದೇ. ಅಲ್ಲಿನ ಹಿಂದಿನ ಕೋಣೆಯಲ್ಲಿ ಹಾಲಿನ ಕ್ಯಾನಿನಂಥ ಮೂರು ದೊಡ್ಡ ಡಬ್ಬಗಳಿದ್ದವು. ಒಳಗೆ ದ್ರವ ನೈಟ್ರೋಜನ್. ನಾವು ಅದನ್ನು ಹೊಗೆನೀರು ಎನ್ನುತ್ತಿದ್ದೆವು. ಮುಟ್ಟಿದರೆ ತಣ್ಣಗಿದ್ದೇ ಚರ್ಮ ಸುಡುತ್ತದೆ. ಕೈಗವಸು ಕೇಳಿದರೆ ಡಾಕ್ಟರ್ ಮೇಡಂ, "ಇಷ್ಟು ದಿನ ಮಾಡಿದೀಯ, ಇನ್ನೂ ಭಯಾನಾ?" ಎಂದು ನಗುತ್ತಿದ್ದರು.

ಆ ನೀರಿನಲ್ಲಿ ತೆಳ್ಳನೆಯ ಸ್ಟ್ರಾಗಳು. ಒಂದೊಂದರಲ್ಲೂ ಒಬ್ಬೊಬ್ಬ ಹೆಂಗಸಿನ ಭ್ರೂಣ. ಲ್ಯಾಬಿನಲ್ಲಿ ಕೂಡಿಸಿ, ಹೊಟ್ಟೆಗೆ ಹಾಕುವ ದಿನದವರೆಗೆ ಕಾಪಿಟ್ಟದ್ದು. ಯಾವ ಡಬ್ಬದಲ್ಲಿದೆ ಎಂದು ಅವರವರ ಆಸ್ಪತ್ರೆ ಕಾರ್ಡಿನಲ್ಲಿ ಬರೆದಿರುತ್ತಿತ್ತು. ಹೊಗೆನೀರು ತಾನಾಗಿ ಆರುತ್ತಾ ಹೋಗುತ್ತದೆ, ವಾರಕ್ಕೊಮ್ಮೆ ತುಂಬಿಸಲೇಬೇಕು. ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ಬೆಳಿಗ್ಗೆ ಮರದ ಕಡ್ಡಿಯನ್ನು ತಳ ಮುಟ್ಟಿಸಿ, ಇಪ್ಪತ್ತು ಎಣಿಸಿ, ಮೇಲೆತ್ತಿ ಗಾಳಿಯಲ್ಲಿ ಆಡಿಸಿದರೆ, ನೀರಿದ್ದಷ್ಟು ಎತ್ತರಕ್ಕೆ ಕಡ್ಡಿಯ ಮೇಲೆ ಬೆಳ್ಳಗೆ ಮಂಜು ಕೂರುತ್ತದೆ. ಆ ಅಳತೆಯನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು.

ಜನ ಕಾಯುವ ಮುಂದಿನ ಹಾಲಿಗೆ ಅಮೃತಶಿಲೆ ಹಾಸಿಸುವಾಗ ಮೇಡಂ ಬೇರೆ ಖರ್ಚಿಗೆಲ್ಲ ಕತ್ತರಿ ಹಾಕಿದರು. ಹೊಗೆನೀರಿನ ಗಾಡಿ ಮೂರು ವಾರಕ್ಕೊಮ್ಮೆ ಬರತೊಡಗಿತು. ಮಂಜು ದಿನದಿನಕ್ಕೆ ಕೆಳಗಿಳಿಯುತ್ತಿದೆ ಎಂದು ನಾನು ಹೇಳಿದೆ, ಹೇಳಿದೆ, ಹೇಳಿದೆ. ಒಂದು ಸೋಮವಾರ ಎರಡನೇ ಡಬ್ಬಕ್ಕೆ ಇಳಿಸಿದ ಕಡ್ಡಿ, ಮಂಜೇ ಇಲ್ಲದೆ, ಇಳಿಸಿದ ಹಾಗೇ ಒಣಗಿ ಮೇಲೆ ಬಂತು. ಲ್ಯಾಬಿನ ಹುಡುಗನನ್ನೂ ಕರೆದುಕೊಂಡು ಮೇಡಂ ಕೋಣೆಗೆ ಓಡಿದೆ.

"ಗಾಡಿ ಕರೆಸಿ ತುಂಬಿಸು. ಅದಕ್ಯಾಕೆ ಬೊಬ್ಬೆ?" ಎಂದರು ಮೇಡಂ.

ಲ್ಯಾಬಿನ ಹುಡುಗ ತಲೆ ತಗ್ಗಿಸಿ ನಿಂತಿದ್ದ. ಹೊರಗೆ ಬಂದ ಮೇಲೆ ಮೆಲ್ಲಗೆ, "ಒಂದ್ಸಲ ಬೆಚ್ಚಗಾದ್ರೆ ಮುಗೀತಕ್ಕಾ. ಈಗ ತುಂಬಿಸಿದ್ರೆ ಹೆಣ ಕೆಡಲ್ಲ, ಅಷ್ಟೆ" ಎಂದ.

ಸಂಜೆ ಮೇಡಂ ನನ್ನನ್ನು ಒಬ್ಬಳನ್ನೇ ಕರೆದರು. "ತುಂಬಿದೆ ಅಂತ ಬರಿ. ಕಡ್ಡಿ ಅದ್ದೋಳು ನೀನು, ಸಹಿ ನಿಂದು. ಮಾತು ಹೊರಗೆ ಹೋದ್ರೆ ಜೈಲಿಗೆ ಹೋಗೋದು ಯಾರು ಹೇಳು?"

ಬರೆದೆ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಓದುವ ಮಗಳು. ಬಾಯಿಗೆ ಬೀಗ ಹಾಕಿಕೊಂಡೆ.

ಆಮೇಲೆ ನಾಲ್ಕು ತಿಂಗಳು, ಎರಡನೇ ಡಬ್ಬದ ಸತ್ತ ಭ್ರೂಣಗಳನ್ನೇ ಹತ್ತೊಂಬತ್ತು ಹೆಂಗಸರ ಹೊಟ್ಟೆಗೆ ಹಾಕಿದರು. ಯಾರಿಗೂ ನಿಲ್ಲಲಿಲ್ಲ. ಮೇಡಂ ಎಲ್ಲರಿಗೂ ಒಂದೇ ಮಾತು ಹೇಳಿದರು: "ನಿಮ್ಮ ಗರ್ಭ ಹಿಡೀತಿಲ್ಲಮ್ಮ." ಅವರು ನನ್ನ ಹೆಗಲಿಗೆ ಒರಗಿ ಅತ್ತರು. ನಾನು ಬೆನ್ನು ಸವರಿದೆ. ಥೂ, ನನ್ನ ಜನ್ಮಕ್ಕೆ.

ಅವರಲ್ಲಿ ಒಬ್ಬಳು ಅಂಗಿ ಕಾರ್ಖಾನೆಯಲ್ಲಿ ದಿನಕ್ಕೆ ನಾನೂರು ಕಾಲರ್ ಹೊಲಿಯುತ್ತಿದ್ದಳು. ಕಾಲರಮ್ಮ ಎಂದು ನಾನೇ ಹೆಸರಿಟ್ಟಿದ್ದೆ. ಎರಡು ವರ್ಷ ಭಾನುವಾರವೂ ಹೊಲಿದು ಗಳಿಸಿದ್ದನ್ನೆಲ್ಲ ಇಲ್ಲಿಗೆ ಸುರಿದವಳು. ಹಾರ್ಮೋನ್ ಸೂಜಿಯನ್ನು ಕಾರ್ಖಾನೆಯ ಕಕ್ಕಸಿನಲ್ಲಿ ನಿಂತು ತಾನೇ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದಳು. "ಬಟ್ಟೆಗೆ ಚುಚ್ಚಿ ಚುಚ್ಚಿ ಅಭ್ಯಾಸ ಆಗಿದೆ ಬಿಡಿ ಅಕ್ಕ" ಎಂದು ನಗುತ್ತಿದ್ದಳು. ಬಂದಾಗಲೆಲ್ಲ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, "ಅದಕ್ಕೆ ಚಳಿ ಆಗಲ್ವಾ?" ಎಂದು ಕೇಳುತ್ತಿದ್ದಳು.

ಅವಳ ಮೂರು ಭ್ರೂಣಗಳಲ್ಲಿ ಎರಡನ್ನು ಹಾಕಿ ಆಗಿತ್ತು, ಎರಡೂ ನಿಂತಿರಲಿಲ್ಲ. ಕೊನೆಯದನ್ನು ಹಾಕುವ ದಿನ ಅತ್ತೆಯೂ ಬಂದಿದ್ದಳು. ಹಾಲಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು, "ಇದೂ ನಿಲ್ಲದಿದ್ರೆ ತವರಿಗೆ ಹೋಗ್ತಾ ಇರು. ಮಗನಿಗೆ ಬೇರೆ ಹುಡುಗಿ ನೋಡಿಟ್ಟಿದೀವಿ."

ಒಳಗೆ ಅವಳಿಗೆ ಆಸ್ಪತ್ರೆಯ ನಿಲುವಂಗಿ ತೊಡಿಸುತ್ತಿದ್ದೆ. ಅವಳು ಪಿಸುಗುಟ್ಟಿದಳು, "ತಪ್ಪು ನಂದೇ ಅಕ್ಕ. ಹೋದ್ಸಲ ಬಸ್ಸಲ್ಲಿ ನಿಂತ್ಕೊಂಡು ಹೋದೆ. ಅದಕ್ಕೇ ಜಾರಿ ಹೋಯ್ತು. ಈ ಸಲ ಏಳೋದೇ ಇಲ್ಲ, ಮಲಗೇ ಇರ್ತೀನಿ."

ನನ್ನ ಕೈ ನಿಂತಿತು. ಇನ್ನು ತಡೆಯಲಾಗಲಿಲ್ಲ.

"ಯಾವ ಬಸ್ಸೂ ಅಲ್ಲ ಕಣೇ. ನೀನು ಮೊದಲ್ನೇ ಸಲ ಮಲಗೋಕೆ ಮುಂಚೇನೇ ಅವು ಸತ್ತಿದ್ವು. ಎರಡನೇ ಡಬ್ಬ ಒಣಗಿತ್ತು."

ಅವಳು ನನ್ನತ್ತ ತಿರುಗಿದಳು.

"ಎರಡು ಸಲವೂ ನನ್ನ ಬೆನ್ನು ಸವರಿದ್ದು ನೀವೇ ಅಲ್ವಾ?"

"ಹೌದು."

ಕೆನ್ನೆಗೆ ಬಾರಿಸಿದಳು. ಆಮೇಲೆ ನಿಲುವಂಗಿಯಲ್ಲೇ, ಬರಿಗಾಲಲ್ಲೇ ಹಾಲಿಗೆ ನಡೆದಳು.

"ಕಾರ್ಡಲ್ಲಿ ಎರಡನೇ ಡಬ್ಬ ಅಂತ ಇರೋರು ಯಾರ್ಯಾರು?" ಎಂದು ಕೂಗಿ, ನಡೆದದ್ದನ್ನೆಲ್ಲ ಹೇಳಿದಳು. ನಾನು ಪಕ್ಕದಲ್ಲಿ ನಿಂತು, "ನಿಜ. ಸುಳ್ಳು ಅಳತೆ ಬರೆದವಳು ನಾನೇ" ಎಂದೆ. ಅತ್ತೆ ಅವಳ ರಟ್ಟೆ ಹಿಡಿದೆಳೆದಳು. "ಬಾಯಿ ಮುಚ್ಕೊಂಡು ಹೋಗಿ ಮಲಗು. ದುಡ್ಡು ಕಟ್ಟಾಗಿದೆ!"

"ಸತ್ತಿದ್ದನ್ನೇ ಹಾಕಿಸ್ಕೊಳ್ಲಾ ಅತ್ತೆ?"

ಮೇಡಂ ಓಡಿ ಬಂದರು. "ಹಾರ್ಮೋನ್ ಜಾಸ್ತಿಯಾದ್ರೆ ಹೀಗೆಲ್ಲ ಆಡ್ತಾರೆ. ಕೂತ್ಕೊಳಮ್ಮ." ಯಾರೂ ಅವರತ್ತ ನೋಡಲಿಲ್ಲ. ಎಲ್ಲರೂ ಚೀಲಗಳಲ್ಲಿ ಕಾರ್ಡು ಹುಡುಕುತ್ತಿದ್ದರು. ಮೂಲೆಯಲ್ಲಿ ಒಂದು ಕಾರ್ಡು ಮೇಲೆದ್ದಿತು. ಇನ್ನೊಂದು. ಮತ್ತೆ ನಾಲ್ಕು. ಆ ದಿನ ಬಾರದೆ ಮನೆಯಲ್ಲಿದ್ದ ಉಳಿದ ಹೆಂಗಸರಿಗೂ ಫೋನು ಹೋದವು.

ಮೇಡಂ ಕರೆದ ಪೊಲೀಸರು ಬಂದರು. ಜೀಪು ಹತ್ತಿಸಿದ್ದು ನನ್ನನ್ನು. ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಅಳತೆಯ ಪುಸ್ತಕ ತೆರೆದು, "ಸಹಿ ನಿಂದೇನಾ?" ಎಂದ.

"ನಂದೇ. ಬರೆಸಿದ್ದು ಮೇಡಂ."

"ಬರೆಸಿದ್ದು ಇದರಲ್ಲಿ ಕಾಣ್ತಿಲ್ಲ." ಅವನು ಪುಸ್ತಕ ಮುಚ್ಚಿದ.

ಅಷ್ಟರಲ್ಲಿ ಬಾಗಿಲು ತುಂಬ ಹೆಂಗಸರು. ಮುಂದೆ ಕಾಲರಮ್ಮ, ಇನ್ನೂ ಅದೇ ನಿಲುವಂಗಿಯಲ್ಲಿ. ಹತ್ತೊಂಬತ್ತು ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟಳು.

"ಮೊದಲು ಡಾಕ್ಟರ್ ಹೆಸರು ಬರೀರಿ. ಆಮೇಲೆ ಇವರದು."

ನನ್ನ ಕಣ್ಣು ತುಂಬಿತು. ಅದನ್ನು ನೋಡಿ ಅವಳು ಹೇಳಿದಳು, "ಅಳಬೇಡಿ. ನಿಮ್ಮನ್ನ ಕ್ಷಮಿಸೋಕೆ ಬಂದಿಲ್ಲ. ನಿಮ್ಮೊಬ್ಬರನ್ನ ಸಿಕ್ಕಿಸಿ ಆ ಯಮ್ಮ ಪಾರಾಗಬಾರದು ಅಂತ ಬಂದಿದೀನಿ."

"ಆಯ್ತು, ನೋಡೋಣ. ನೀವೆಲ್ಲ ಈಗ ಮನೆಗೆ ಹೋಗಿ" ಎಂದ ಇನ್ಸ್‌ಪೆಕ್ಟರ್.

"ಹೋಗಿ ಏನಂತ ಹೇಳೋಣ ಸಾರ್? ನಮ್ಮ ಗರ್ಭ ಹಿಡೀಲಿಲ್ಲ ಅಂತಲಾ?"

ಅವನು ಪೆನ್ನು ಮುಟ್ಟಲಿಲ್ಲ. ಹತ್ತೊಂಬತ್ತು ಜನರೂ ಅಲ್ಲೇ ನೆಲದ ಮೇಲೆ ಕೂತರು.